ಎಷ್ಟು ಕೂದಲು ಉದುರಿದರೆ ಬೋಳು?

ಫೋಟೋ ನೋಡಿದ ಗೆಳೆಯ ಕೇಳಿದ, "ಏನೋ, ತಲೆ ಬೋಳಾಗ್ತಾ ಇದೆಯಲ್ಲ?" ಆಗ್ತಾ ಇದೆಯೋ, ಆಗಿಬಿಟ್ಟಿದೆಯೋ? ಸುಮ್ನೆ ಯೋಚಿಸಿದರೆ ತಲೆ ಕೆಡುತ್ತದೆ.

ತುಂಬು ಕೂದಲಿನ ತಲೆಯಿಂದ ಒಂದೇ ಒಂದು ಕೂದಲು ಕಿತ್ತರೆ ಯಾರೂ ಬೋಳಾಗಲ್ಲ. ಇನ್ನೊಂದು ಕಿತ್ತರೂ ಆಗಲ್ಲ. ಹೀಗೇ ಒಪ್ಪಿಕೊಳ್ಳುತ್ತಾ ಹೋದರೆ, ಕೊನೆಗೆ ಒಂದೂ ಕೂದಲಿಲ್ಲದ ತಲೆಯನ್ನೂ ಬೋಳಲ್ಲ ಅನ್ನಬೇಕಾಗುತ್ತದೆ! ಮರಳಿನ ರಾಶಿಯಿಂದ ಒಂದೊಂದೇ ಕಣ ತೆಗೆದರೂ ಇದೇ ಕಥೆ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಚಿಂತಕ ಯೂಬುಲಿಡೀಸ್ ಹೆಸರಲ್ಲಿ ಬಂದಿರುವ ಒಗಟು ಇದು. ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ.

1965ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲಾಟ್ಫಿ ಜಾದೆ ಫಜಿ ಸೆಟ್ (ಮಸುಕು ಗಡಿಯ ಗುಂಪು) ಅನ್ನೋ ವಿಚಾರ ಮುಂದಿಟ್ಟರು. ಹೌದು, ಇಲ್ಲ ಎರಡೇ ಯಾಕೆ, 0ಯಿಂದ 1ರವರೆಗೆ ಎಷ್ಟು ಬೇಕಾದರೂ ಮೆಟ್ಟಿಲು ಇರಲಿ ಅಂತ. ಚೆನ್ನಾಗಿದೆ. ಆದರೆ ನನ್ನ ತಲೆ 0.6 ಬೋಳೋ, 0.61 ಬೋಳೋ ಅಂತ ಹೇಳೋರು ಯಾರು? ಮಸುಕು ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ.

ಬ್ರಿಟಿಷ್ ತತ್ವಶಾಸ್ತ್ರಜ್ಞ ತಿಮೊಥಿ ವಿಲಿಯಮ್ಸನ್ ಅವರದು ಇನ್ನೂ ಗಟ್ಟಿ ವಾದ: ಬೋಳು, ಬೋಳಲ್ಲ ಇವುಗಳ ನಡುವೆ ಗೆರೆ ಖಂಡಿತ ಇದೆ, ಅದು ಎಲ್ಲಿದೆ ಅಂತ ತಿಳಿಯೋಕೆ ನಮಗೆ ಆಗಲ್ಲ. ಅಂದರೆ ಯಾವುದೋ ಒಂದು ಕೂದಲು ಉದುರಿದ ಕ್ಷಣವೇ ಮನುಷ್ಯ ಬೋಳು! ನಂಬೋಕೆ ಕಷ್ಟ, ಅಲ್ವಾ? ಆದರೆ ತರ್ಕದಲ್ಲಿ ಅವರನ್ನು ಮಣಿಸೋದು ಅದಕ್ಕಿಂತ ಕಷ್ಟ.

ಗೆಳೆಯನಿಗೆ "ಇನ್ನೂ ಗೆರೆ ದಾಟಿಲ್ಲ" ಅಂತ ಉತ್ತರ ಕಳಿಸಿದ್ದೇನೆ. ಸುಳ್ಳು ಅಂತ ಸಾಬೀತು ಮಾಡಲಿ ನೋಡೋಣ.