ಅವ್ವನಿಗೆ ನಗು ಬರಲಿಲ್ಲ

ಕಲಬುರಗಿ, 14 ಜೂನ್ 2025, ಶನಿವಾರ

‘ತಿಥಿ’ ಸಿನಿಮಾದ ವಿಮರ್ಶೆಗಳನ್ನು ಸಂಜೆ ಕೂತು ಮತ್ತೆ ಓದಿದೆ. ಅವ್ವ ಮಧ್ಯಾಹ್ನ ಹೇಳಿದ ಮಾತನ್ನು ಯಾರಾದರೂ ಬರೆದಿದ್ದಾರಾ ಅಂತ ನೋಡಬೇಕಿತ್ತು.

ಹೊಗಳಿಕೆ ಬೇಕಾದಷ್ಟಿದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ, ಆಮೇಲೆ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ. ನಿರ್ದೇಶಕ ರಾಮ್ ರೆಡ್ಡಿ ಮತ್ತು ಕಥೆ ಬರೆದ ಈರೇಗೌಡ ಇಬ್ಬರೂ ಮಂಡ್ಯ ಕಡೆಯ ಹಳ್ಳಿಯ ಜನರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಅದನ್ನು ಎಲ್ಲರೂ ಮೆಚ್ಚಿದ್ದಾರೆ, ಮೆಚ್ಚಬೇಕಾದ್ದೇ. ಸಾವಿನ ಮನೆಯಲ್ಲಿ ಹುಟ್ಟುವ ನಗುವನ್ನಂತೂ ಹಾಡಿ ಹೊಗಳಿದ್ದಾರೆ. ನಾನೂ ಅದನ್ನೇ ನಂಬಿ ಅವ್ವನಿಗೆ, "ನಕ್ಕು ನಕ್ಕು ಸಾಕಾಗ್ತದ ನೋಡವ್ವ" ಅಂದಿದ್ದೆ.

ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ನೋಡಿದಳು. ನೂರು ದಾಟಿದ ಮುದುಕ ಸೆಂಚುರಿ ಗೌಡ ದಾರಿಯಲ್ಲಿ ಹೋಗುವವರನ್ನೆಲ್ಲ ಬೈಯುವಾಗ ಸ್ವಲ್ಪ ನಕ್ಕಳು. ಅವನು ಸತ್ತ ಮೇಲೆ ಮೊಮ್ಮಗ ತಮ್ಮಣ್ಣ ಅಜ್ಜನ ಹೊಲ ಮಾರೋದಕ್ಕೆ ಅಂತ ತನ್ನ ಅಪ್ಪ ಗಡ್ಡಪ್ಪನ ಹೆಸರಲ್ಲಿ ಸಾವಿನ ಸರ್ಟಿಫಿಕೇಟು ಮಾಡಿಸೋಕೆ ಹೊರಟನಲ್ಲ, ಅಲ್ಲಿಗೆ ಬೇಳೆ ಮೇಲಿನ ಕೈ ನಿಂತಿತು.

"ಬದುಕಿದ್ದಾವನಿಗಿ ಸತ್ತಾನಂತ ಕಾಗದ ಮಾಡಸ್ಲಿಕತ್ಯಾನ. ಇದ್ರಾಗ ನಗೋದೇನದ?"

"ಸಿನಿಮಾ ಅವ್ವ, ಸುಮ್ನೆ ನೋಡು."

"ನೋಡ್ಲಿಕತ್ತೀನಲ್ಲ. ಅವನೂ ಏನ್ ಮಾಡ್ಬೇಕು? ಊರಿಗೆಲ್ಲ ಊಟ ಹಾಕ್ಬೇಕು, ಬಡ್ಡಿಗಿ ರೊಕ್ಕ ತಂದಾನ."

ಆಮೇಲೆ ಮಾತಿಲ್ಲ. ಗಡ್ಡಪ್ಪ ರಾತ್ರಿ ಬೆಂಕಿ ಮುಂದೆ ಕೂತು ಕುರಿ ಕಾಯುವವರಿಗೆ ತನ್ನ ಹಳೇ ಕಥೆ ಹೇಳಿದ. ಹೆಂಡತಿಯ ಕಥೆ, ಅಪ್ಪನ ಕಥೆ. ಮುಖದಲ್ಲಿ ಸಿಟ್ಟಿಲ್ಲ, ಅಳುವಿಲ್ಲ. ಅವ್ವ ಮೊರ ಪಕ್ಕಕ್ಕಿಟ್ಟಳು. "ಅದಕ್ಕೇ ಅಂವ ಮನ್ಯಾಗ ನಿಂದ್ರಂಗಿಲ್ಲ" ಅಂದಳು.

ನಾನು ಓದಿದ ವಿಮರ್ಶೆಗಳು ಗಡ್ಡಪ್ಪನನ್ನು ಯಾವುದಕ್ಕೂ ಅಂಟಿಕೊಳ್ಳದ ಮುದುಕ ಅಂತಲೇ ಜಾಸ್ತಿ ಕೊಂಡಾಡಿವೆ. ಅಂಟಿಕೊಳ್ಳೋಕೆ ಅವನಿಗೆ ಏನು ಉಳಿದಿತ್ತು? ಅವ್ವ ಕೇಳಿದ್ದು ಅದು. ಹಾಸ್ಯ ಅಂತ ಹೆಸರಿಟ್ಟ ಕೂಡಲೇ ಇಂಥದ್ದು ಕಣ್ಣಿಗೆ ಬೀಳೋದು ಕಡಿಮೆ ಆಗುತ್ತದೆ ಅನಿಸುತ್ತದೆ. ಸಿನಿಮಾ ಮಾಡಿದವರು ಮಾತ್ರ ಏನನ್ನೂ ಮುಚ್ಚಿಟ್ಟಿಲ್ಲ. ಆ ಬೆಂಕಿಯ ಮುಂದೆ ಎಷ್ಟು ಹೊತ್ತು ನಮ್ಮನ್ನು ಕೂರಿಸುತ್ತಾರೆ! ಹಿನ್ನೆಲೆಯಲ್ಲಿ ಅಳಿಸೋ ಸಂಗೀತವೂ ಇಲ್ಲ. ಇಡೀ ಸಿನಿಮಾದಲ್ಲಿ ನನಗೆ ಅದಕ್ಕಿಂತ ದೊಡ್ಡ ಜಾಗ ಇಲ್ಲ.

ಮಳೆ ಇವತ್ತೂ ಮೋಡ ತೋರಿಸಿ ಹೋಯಿತು. ಊರಲ್ಲಿ ತೊಗರಿ ಬಿತ್ತನೆಗೆ ಎಲ್ಲರೂ ಆಕಾಶ ನೋಡುತ್ತಿದ್ದಾರೆ. ನಮ್ಮ ಹೊಲ ಈ ಸಲ ಯಾರು ಬಿತ್ತಬೇಕು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. ಅಪ್ಪ ಹೋದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗಿಲ್ಲ. ಕಾಕಾ ಒಂದು ಹೇಳ್ತಾನೆ, ಅತ್ತಿ ಒಂದು ಹೇಳ್ತಾಳೆ. ಅವ್ವ ಯಾರ ಮುಂದೆಯೂ ಬಾಯಿ ಬಿಡೋದಿಲ್ಲ. ಇವತ್ತು ತಮ್ಮಣ್ಣನ ಬಗ್ಗೆ ಇಷ್ಟು ಮಾತಾಡಿದಳಲ್ಲ, ಹೊಲದ ವಿಷಯ ಅವಳ ಬಾಯಿಂದ ನಾನು ಕೇಳಿದ್ದು ಇದೇ ಮೊದಲು.

ರಾತ್ರಿ ರೊಟ್ಟಿ ಬಡಿಯುವಾಗ, ಸಿನಿಮಾದಲ್ಲಿ ತಮ್ಮಣ್ಣನಿಗೆ ಬಡ್ಡಿಗೆ ಸಾಲ ಕೊಟ್ಟ ಆ ಕಮಲಕ್ಕನ ಸುದ್ದಿ ತೆಗೆದಳು. "ಆಕಿ ಏನ್ ಕೆಟ್ಟಾಕಿ ಅಲ್ಲ, ಕೊಟ್ಟ ರೊಕ್ಕ ಕೇಳ್ತಾಳ" ಅಂತ ಶುರು ಮಾಡಿದ್ದಳು. ಅಷ್ಟರಲ್ಲಿ ಫೋನ್ ಬಂತು. ಕಾಕಾನೇ. ಸೋಮವಾರ ಅವ್ವನ ಆಧಾರ್ ಕಾರ್ಡ್ ತಗೊಂಡು ತಹಶೀಲ್ದಾರ್ ಕಚೇರಿಗೆ ಬಾ ಅಂದ. ಯಾವ ಕಾಗದಕ್ಕೆ ಅಂತ ಕೇಳಿದರೆ