ಸನ್ನತಿಗೆ ಹೋದರೆ ಗುಡಿಯಿಂದಲೇ ವಾಪಸ್ ಬರಬೇಡಿ

ನಾವು ಕಲಬುರಗಿಯವರು ಸನ್ನತಿಗೆ ಹೋಗುವುದು ಚಂದ್ರಲಾಂಬೆಯ ದರ್ಶನಕ್ಕೆ. ಉಡಿ ತುಂಬಿ, ಭೀಮಾ ದಂಡೆಯಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿ, ಸಂಜೆಗೆ ಮನೆ. ಹತ್ತಿರದ ಕನಗನಹಳ್ಳಿ ಕಡೆ ನಮ್ಮ ಮನೆಯಲ್ಲಿ ಯಾರೂ ತಿರುಗಿರಲಿಲ್ಲ. ಈ ಸಲ ಅವ್ವನನ್ನು ಕರೆದುಕೊಂಡು ಮೊದಲು ಅಲ್ಲಿಗೇ ಹೋದೆ. ನೀವೂ ಹಾಗೇ ಮಾಡಿ. ಹೊತ್ತು ಏರಿದ ಮೇಲೆ ಆ ಬಯಲಲ್ಲಿ ನಿಲ್ಲುವುದು ಕಷ್ಟ.

ಅಲ್ಲಿರುವುದು ದೊಡ್ಡ ಬೌದ್ಧ ಸ್ತೂಪದ ಅವಶೇಷ. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದು ತೆಗೆದದ್ದು. ಕಲ್ಲು ನಮ್ಮ ಮನೆಗಳ ನೆಲಕ್ಕೆ ಹಾಸುವ ಪರಶಿಯಂಥದೇ ಸುಣ್ಣಕಲ್ಲು, ಆದರೆ ಕೆತ್ತನೆ ನೋಡಿದರೆ ನಂಬಲಿಕ್ಕೆ ಆಗುವುದಿಲ್ಲ. ಶಾತವಾಹನ ರಾಜರು ಹೆಸರಿನ ಸಮೇತ ಅಲ್ಲಿದ್ದಾರೆ. ಇನ್ನೊಂದು ಫಲಕದಲ್ಲಿ ಒಬ್ಬ ರಾಜ, ಪಕ್ಕದಲ್ಲಿ ರಾಣಿ, ಚಾಮರ ಮತ್ತು ಕೊಡೆ ಹಿಡಿದ ದಾಸಿಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’. ಅಶೋಕ ತೀರಿಕೊಂಡು ಎಷ್ಟೋ ತಲೆಮಾರಾದ ಮೇಲೆ ಕೆತ್ತಿದ್ದು. ಆದರೂ ಹೆಸರು ಬರೆದ ಅಶೋಕನ ಚಿತ್ರ ಅಂದರೆ ಸುಮ್ನೆ ಮಾತಲ್ಲ. ಈ ಫಲಕಗಳು ಈಗ ಎಲ್ಲಿವೆ, ಯಾವುದನ್ನು ನೋಡಬಹುದು ಅಂತ ಅಲ್ಲಿನ ಕಾವಲುಗಾರರನ್ನು ಮೊದಲೇ ಕೇಳಿ. ಫೋಟೋ ತೆಗೆಯುವುದನ್ನೂ ಕೇಳಿಯೇ ತೆಗೆಯಿರಿ.

ಆಮೇಲೆ ಗುಡಿಗೆ ಬನ್ನಿ. 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಅದರ ಪೀಠದ ಕಲ್ಲು ತೆಗೆದು ನೋಡಿದರೆ ಎರಡೂ ಬದಿಗೆ ಅಶೋಕನ ಶಾಸನ! ಮೂರ್ತಿ ಕೂಡಿಸಲು ನಡುವೆ ತೂತು ಕೊರೆದು ಒಂದಿಷ್ಟು ಅಕ್ಷರ ಹೋಗಿವೆ. ಉಳಿದದ್ದರಲ್ಲಿ ಅವನ 12ನೇ ಶಾಸನವೂ ಇದೆ. ನಮ್ಮ ಮತವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರ ಮತವನ್ನು ಹೀಗಳೆಯಬೇಡಿ ಅನ್ನುವ ಶಾಸನ ಅದು. ಆ ಕಲ್ಲಿನ ಮೇಲೇ ಇಷ್ಟು ಕಾಲ ದೇವಿ ಕೂತಿದ್ದಳು, ನಾವೆಲ್ಲ ಕೈ ಮುಗಿದು ಬಂದೆವು. ಅರ್ಥ ಹೇಳಿದಾಗ ಅವ್ವ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಮ್ಮೆ ಹೇಳು” ಅಂದಳು.

ಸಮಯ ಇದ್ದರೆ ರಣಮಂಡಲದ ಕಡೆಗೂ ಹೋಗಿ. ಹಳೇ ನಗರದ ಕೋಟೆಯ ಜಾಗ ಅದು. ಕಾಣುವುದು ಜಾಸ್ತಿ ಮಣ್ಣಿನ ದಿಬ್ಬಗಳೇ, ಆದರೆ ಊರು ನದಿಯನ್ನು ನೆಚ್ಚಿ ಹೇಗೆ ಬೆಳೆದಿರಬೇಕು ಅನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ.

ರೈಲಿಗೆ ಬರುವವರು ನಾಲವಾರದಲ್ಲಿ ಇಳಿಯಿರಿ. ಮುಂದಿನ ದಾರಿಗೆ ಗಾಡಿ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು, ವಾಪಸಾತಿಗೂ ಸೇರಿಸಿ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ವಯಸ್ಸಾದವರನ್ನು ಕರೆತರಬೇಡಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ನೀರು ಮಾತ್ರ ಬೇಕಾದ್ದಕ್ಕಿಂತ ಜಾಸ್ತಿಯೇ ಇರಲಿ.