‘ಯಾವ ಜಾತಿ?’ ಅಂತ ಕೇಳುವವರಿಗೆ

ನಾಯಿ ಜಾತಿ. ಇದೇ ಉತ್ತರ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನಮ್ಮ ಮನೆಯಲ್ಲಿ ಮೂರೂವರೆ ತಿಂಗಳ ಒಂದು ಹೆಣ್ಣು ಮರಿ ಇದೆ. ಮೂಡಿಗೆರೆಯಿಂದ ನಮ್ಮ ತೋಟಕ್ಕೆ ಬರುವ ದಾರಿಯ ಮೋರಿ ಹತ್ತಿರ, ಜೂನ್ ಮಳೆಯಲ್ಲಿ ಸಿಕ್ಕಿದ್ದು. ಕಂದು ಮೈ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಗೇಟು ದಾಟಿ ಬಂದವರೆಲ್ಲ ಕೇಳುವುದು ಒಂದೇ: "ಯಾವ ಜಾತಿದು ಮಾರಾಯ್ರೆ?" ಗೊಬ್ಬರದ ಲಾರಿಯವನು ಕೇಳಿದ. ಕರೆಂಟ್ ಬಿಲ್ ಕೊಡಲು ಬಂದವನೂ ಕೇಳಿದ. ಮನುಷ್ಯರ ಜಾತಿಯನ್ನಾದರೆ ಊರು ಯಾವುದು, ಮನೆ ಹೆಸರೇನು ಅಂತ ಸುತ್ತಿ ಬಳಸಿ ತಿಳಿದುಕೊಳ್ಳುತ್ತೇವೆ. ನಾಯಿಗೆ ಅಷ್ಟು ಮರ್ಯಾದೆಯೂ ಇಲ್ಲ.

ಹೋದ ತಿಂಗಳು ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದರು. ನನಗೆ ವರಸೆಯಲ್ಲಿ ಮಾವ. ಜಗಲಿಯಲ್ಲಿ ಕೂತು, ಲಗ್ನಪತ್ರಿಕೆಗಳ ಕಟ್ಟನ್ನು ಪಕ್ಕಕ್ಕಿಟ್ಟು, ಕಾಫಿ ಕುಡಿಯುತ್ತಾ ಕೇಳಿದರು: "ಏನೋ ಇದು, ಜಾತಿ ನಾಯೀನಾ, ಕಂತ್ರೀನಾ?" ನಾನು ಬಾಯಿ ತೆರೆಯುವ ಮೊದಲೇ ಮರಿ ಒಂದು ಪತ್ರಿಕೆ ಎಳೆದುಕೊಂಡು, ಅರಿಶಿನ ಹಚ್ಚಿದ ಮೂಲೆಯನ್ನೇ ಹುಡುಕಿ ಜಗಿಯಿತು. "ನೋಡು, ಕಂತ್ರಿ ಬುದ್ಧಿ. ನಮ್ಮ ಲ್ಯಾಬ್ರಡಾರ್ ಆಗಿದ್ರೆ ಮುಟ್ತಾನೇ ಇರ್ಲಿಲ್ಲ."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

ಮಾವ, ನಿಮ್ಮ ಲ್ಯಾಬ್ರಡಾರನ್ನು ಒಂದು ತಳಿ ಅಂತ ನಾಯಿ ತಳಿಗಳ ಪಟ್ಟಿ ಇಡುವ ಇಂಗ್ಲೆಂಡಿನ ಕೆನಲ್ ಕ್ಲಬ್ ಒಪ್ಪಿಕೊಂಡಿದ್ದು 1903ರಲ್ಲಿ. ಆ ಕ್ಲಬ್ ಶುರುವಾಗಿದ್ದೇ 1873ರಲ್ಲಿ. ಈಗ ದುಡ್ಡು ಕೊಟ್ಟು ತರುವ ತಳಿಗಳಲ್ಲಿ ಹೆಚ್ಚಿನವು ರೂಪ ಪಡೆದಿದ್ದು ಕಳೆದ ಇನ್ನೂರು ವರ್ಷಗಳ ಆಚೀಚೆ. ನಾಯಿ ಮನುಷ್ಯನ ಜೊತೆ ಸೇರಿ ಕಡಿಮೆ ಅಂದರೂ 14,000 ವರ್ಷ ಆಯಿತು. ಆಗ ಭತ್ತ ಇಲ್ಲ, ದನ ಇಲ್ಲ, ಕುರಿ ಇಲ್ಲ. ತೋಳದ ಪೈಕಿ ಒಂದಿಷ್ಟು ಮಾತ್ರ ನಮ್ಮ ಬೆಂಕಿಯ ಹತ್ತಿರ ಬಂದು ಉಳಿದವು.

"ಅದಕ್ಕೆ ಅನ್ನ ಹಾಕ್ತೀಯಾ? ಜಾತಿ ನಾಯಿಗೆ ಅನ್ನ ಆಗಲ್ಲ" ಅಂದರು ಮಾವ, ಮಾತು ತಿರುಗಿಸಲು. ಅದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಅನ್ನದಲ್ಲಿರುವ ಪಿಷ್ಟ ಅರಗಿಸುವ ಜೀನ್ ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಜಾಸ್ತಿ ಇದೆ ಅಂತ 2013ರಲ್ಲೇ ಕಂಡುಕೊಂಡಿದ್ದಾರೆ. ನಮ್ಮ ಎಂಜಲು ತಿಂದೇ ಅದು ನಾಯಿಯಾಗಿದ್ದು ಅನ್ನುವವರೂ ಇದ್ದಾರೆ. ಮಾವ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ಮರಿ ಮೂತಿ ಹಾಕುವ ಮೊದಲು ಎತ್ತಿಕೊಂಡೆ. ಅನ್ನ ಆಗುತ್ತದೆ, ಕಾಫಿ ಆಗುವುದಿಲ್ಲ. ಕೆಫೀನ್ ನಾಯಿಗೆ ವಿಷ. ಕಾಫಿ ಬೆಳೆಯುವವರೇ ಇದನ್ನು ಮರೆಯುತ್ತೇವೆ.

ಮರಿಯ ಹೆಸರು ಕಾಳಿ. "ಕಂದು ಇದೆಯಲ್ಲ, ಕಾಳಿ ಯಾಕೆ?" ಇದು ಎರಡನೇ ಪ್ರಶ್ನೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದೆಯಲ್ಲ, ಸುಮಾರು 950ರದ್ದು, ಅದರಲ್ಲಿ ಬರುವ ನಾಯಿಯ ಹೆಸರು ಇದು. ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೆರ ಎಂಬ ವೀರನಿಗೆ ಅರಸ ಏನು ಬೇಕು ಕೇಳು ಅಂದ. ಅವನು ಕಾಳಿಯನ್ನು ಕೊಡಿ ಅಂದ. ಆಮೇಲೆ ಆ ನಾಯಿ ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ನಮ್ಮ ಕಾಳಿ ಇನ್ನೂ ಕೋಳಿಗೆ ಹೆದರುತ್ತಾಳೆ, ಅದು ಬೇರೆ ವಿಷಯ.

ಜಾತಿ ಬಿಟ್ಟು ಹೇಗೆ ಕಲಿಸ್ತೀರಿ ಅಂತ ಒಬ್ಬರಾದರೂ ಕೇಳಿದ್ದರೆ ಕೂರಿಸಿ ರೊಟ್ಟಿ ಕೊಟ್ಟು ಹೇಳುತ್ತಿದ್ದೆ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದುಕೊಂಡು ಹೋಗಬೇಕು. ದಿನಾ ಒಂದೇ ಜಾಗಕ್ಕೆ. ಉಚ್ಚೆ ಹೊಯ್ದ ಕ್ಷಣವೇ ಹೊಗಳಬೇಕು. ಒಳಗೆ ಬಂದ ಮೇಲೆ ಹೊಗಳಿದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಒಳಗೆ ಮಾಡಿತು ಅಂತ ಮೂತಿ ತಿಕ್ಕುವವರಿದ್ದಾರೆ. ಅದರಿಂದ ಮರಿ ಕಲಿಯುವುದು ಒಂದೇ, ನಿಮಗೆ ಕಾಣದ ಹಾಗೆ ಮಂಚದ ಅಡಿಯಲ್ಲಿ ಮಾಡುವುದು. ನಮ್ಮ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ ಕೊಡೆ ಹಿಡಿದು ನಿಂತಿದ್ದೇನೆ. ಅವಳ ಕಾಲಿಗೂ ಇಂಬಳ (ಜಿಗಣೆ), ನನ್ನ ಕಾಲಿಗೂ ಇಂಬಳ.

ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದ ತನಕ ಏನೇನು ನೋಡುತ್ತದೋ ಅದಕ್ಕೆಲ್ಲ ಮರಿ ಸುಲಭವಾಗಿ ಒಗ್ಗಿಕೊಳ್ಳುತ್ತದೆ. ಆದರೆ ಅಷ್ಟರಲ್ಲಿ ಚುಚ್ಚುಮದ್ದು ಪೂರ್ತಿ ಆಗಿರುವುದಿಲ್ಲ, ಬೀದಿಯ ನೆಲಕ್ಕೆ ಬಿಡುವಂತಿಲ್ಲ. ಹಾಗಾಗಿ ಎತ್ತಿಕೊಂಡೇ ತಿರುಗಿದೆ. ಜೀಪಿನ ಸದ್ದು, ಪ್ಲಾಸ್ಟಿಕ್ ಕೊಪ್ಪೆ ಹಾಕಿದ ಆಳುಗಳು, ಮರ ಕೊಯ್ಯುವ ಮಿಷನ್, ಎಲ್ಲ ತೋರಿಸಿದೆ. "ಮಗೂನ ಎತ್ತಿದ ಹಾಗೆ ಎತ್ಕೊಂಡಿದ್ದಾರಲ್ಲ" ಅಂತ ಆಳುಗಳ ಲೈನ್ ಮನೆಗಳಲ್ಲಿ ನಕ್ಕರು. ನಗಲಿ.

ನಾನು ಇಷ್ಟೆಲ್ಲ ಎಗರಾಡಲು ಕಾರಣ ಇದೆ. ಮಾವ ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದರು: "ಮೊದಲು ನಿನ್ನ ಹತ್ರ ಪೇಪರ್ ಇದ್ದ ನಾಯೀನೇ ಇತ್ತಲ್ಲ?"

ಇತ್ತು. ಆರು ವರ್ಷದ ಹಿಂದೆ. ಅಪ್ಪ ಅಮ್ಮ ಅಜ್ಜಿ ಎಲ್ಲರ ಹೆಸರೂ ಪೇಪರಿನಲ್ಲಿತ್ತು. ಮೊದಲ ಚುಚ್ಚುಮದ್ದು ಹಾಕಿಸಿದೆ. ಎರಡನೆಯದರ ಹೊತ್ತಿಗೆ ಕೊಯ್ಲು. ಈ ವಾರ ಆಳಿಲ್ಲ, ಮುಂದಿನ ವಾರ ಜೀಪಿಲ್ಲ ಅಂತ ದಿನ ತಳ್ಳಿದೆ. ಚುಚ್ಚುಮದ್ದಿನಿಂದ ತಡೆಯಬಹುದಾದ ನಾಯಿಗಳ ವೈರಸ್ ರೋಗ ಡಿಸ್ಟೆಂಪರ್ ಬಂತು. ಕಣ್ಣು ಮೂಗು ಸೋರಿತು, ಆಮೇಲೆ ಫಿಟ್ಸ್. ಹನ್ನೆರಡು ದಿನ.

ಜರ್ಮನಿಯ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲು ಕ್ವಾರಿಯ ಕೆಲಸದವರಿಗೆ ಒಂದು ಹಳೆಯ ಗುಂಡಿ ಸಿಕ್ಕಿತು. ಒಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಏಳು ತಿಂಗಳ ಒಂದು ನಾಯಿಮರಿ. ಮೇಲೆ ಹೇಳಿದ 14,000 ವರ್ಷ ಇದರದ್ದೇ. ಅದರ ಹಲ್ಲಿನ ಗುರುತು ನೋಡಿ, ಡಿಸ್ಟೆಂಪರ್ ಬಂದಿರಬೇಕು, ಯಾರೋ ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲ ಅಂತ ಸಂಶೋಧಕರು 2018ರಲ್ಲಿ ಹೇಳಿದರು. ಆರೈಕೆ ಮಾಡಿದ ಆ ಕಾಲದವರ ಹತ್ತಿರ ಚುಚ್ಚುಮದ್ದು ಇರಲಿಲ್ಲ. ನನಗೆ ಇಪ್ಪತ್ತು ಕಿಲೋಮೀಟರಿನಲ್ಲಿತ್ತು.

ಮಾವನಿಗೆ ಇದನ್ನು ಹೇಳಲಿಲ್ಲ. "ಹ್ಞೂಂ, ಸತ್ತು ಹೋಯ್ತು" ಅಂದೆ ಅಷ್ಟೇ.

ಕಾಳಿಯ ಕಾರ್ಡಿನಲ್ಲಿ ತಳಿ ಅನ್ನುವ ಜಾಗ ಖಾಲಿ ಇದೆ. ಮುಂದಿನ ಚುಚ್ಚುಮದ್ದು ಈ ಗುರುವಾರ. ಅಡುಗೆಮನೆ ಕ್ಯಾಲೆಂಡರಿನಲ್ಲಿ, ಜಗಲಿ ಗೋಡೆಯಲ್ಲಿ, ಜೀಪಿನ ಗಾಜಿನ ಮೇಲೆ, ಮೂರು ಕಡೆ ಬರೆದಿಟ್ಟಿದ್ದೇನೆ.